ಕಾಲುನೋವು ಇಳಿದು ಸೊಂಟನೋವು ಏರಿದರೆ?

ಪ್ರಶ್ನೆ: ವಯಸ್ಸು 48. ರೊಬಸ್ಟಾ ಕೊಯ್ಲು ಮುಗಿದು ಉದುರಿದ ಕಾಫಿ ಹೆಕ್ಕುವ ಹೊತ್ತಿಗೆ ಸೊಂಟನೋವು ಬಲಗಾಲಿನ ಮೀನಖಂಡದವರೆಗೆ ಇಳಿಯಿತು. ಎಂಆರ್‌ಐ ವರದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದಿದೆ. ಫಿಸಿಯೋಥೆರಪಿಸ್ಟ್ ಅದನ್ನು ಪಕ್ಕಕ್ಕಿಟ್ಟು, ಕವುಚಿ ಮಲಗಿಸಿ ಹತ್ತು ಸಲ ಎದೆ ಎತ್ತಿಸಿದರು. ಮನೆಯಲ್ಲೂ ಮಾಡುತ್ತಿದ್ದೇನೆ. ಈಗ ಕಾಲುನೋವು ಕಮ್ಮಿ, ಸೊಂಟದ್ದು ಜಾಸ್ತಿ. ನಿಲ್ಲಿಸಬೇಕೆ?
– ಓದುಗರು, ಸೋಮವಾರಪೇಟೆ

ಉತ್ತರ: ನಿಲ್ಲಿಸಬೇಡಿ. ಮೀನಖಂಡದ ನೋವು ತೊಡೆಗೆ, ತೊಡೆಯದು ಸೊಂಟಕ್ಕೆ ಹಿಂದೆ ಸರಿಯುವುದು ಥೆರಪಿಸ್ಟ್ ಹುಡುಕುತ್ತಿದ್ದ ಒಳ್ಳೆಯ ಸೂಚನೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಲ್ಲಿ ಇದನ್ನು ಗಮನಿಸಿದರು. ಹೀಗೆ ನೋವು ಸರಿಯುವವರು ಗುಣವಾಗುವ ಸಾಧ್ಯತೆ ಹೆಚ್ಚು. ಕೆಲವು ದಿನ ಸೊಂಟ ಹೆಚ್ಚು ನೋಯಬಹುದು. ನೋವು ಪಾದದ ಕಡೆ ಇಳಿದು, ವ್ಯಾಯಾಮ ಮುಗಿದ ಮೇಲೂ ಅಲ್ಲೇ ಉಳಿದರೆ ಮಾತ್ರ ನಿಲ್ಲಿಸಿ ನಿಮ್ಮ ಥೆರಪಿಸ್ಟರಿಗೆ ತಿಳಿಸಿ.

ವರದಿಯ ವಿಷಯ. ಐವತ್ತರ ಆಸುಪಾಸಿನ, ನೋವೇ ಇಲ್ಲದವರಲ್ಲೂ ನೂರಕ್ಕೆ ಸುಮಾರು 60 ಮಂದಿಯ ಡಿಸ್ಕ್ ಉಬ್ಬಿರುತ್ತದೆ. ಹಾಗಾಗಿ ಮೊದಲು ಪರೀಕ್ಷೆ ಕಾಲಿಗೆ. ಒಂಟಿಕಾಲಿನ ತುದಿಬೆರಳಲ್ಲಿ ಹತ್ತು ಸಲ ಏಳಲಾಗದೆ, ಹಿಮ್ಮಡಿಯ ರಿಫ್ಲೆಕ್ಸ್ (ಸುತ್ತಿಗೆಯಿಂದ ತಟ್ಟಿದಾಗ ಪಾದ ತಾನಾಗಿ ಮಿಡಿಯುವುದು) ಮಂದವಾಗಿದ್ದರೆ ಸೊಂಟದಿಂದ ಕಾಲಿಗಿಳಿಯುವ ನರಗಳಲ್ಲಿ ಎಸ್‌1 ನರದ ಮೇಲೆ ಅನುಮಾನ. ಕಾಲಿನ ಹೆಬ್ಬೆರಳನ್ನು ಮೇಲೆತ್ತಿ ಹಿಡಿಯುವ ಬಲ ಕುಗ್ಗಿದ್ದರೆ ಎಲ್‌5. ಅದೇ ನರ, ಅದೇ ಬದಿ ಸ್ಕ್ಯಾನಿನಲ್ಲೂ ಒತ್ತಿಕೊಂಡಿದ್ದರೆ ಮಾತ್ರ ವರದಿಗೆ ತೂಕ. ಎಡಕ್ಕೆ ಉಬ್ಬಿದ ಡಿಸ್ಕಿನ ಮೇಲೆ ಬಲಗಾಲಿನ ನೋವನ್ನು ಹೊರಿಸಲಾಗದು.

ವ್ಯಾಯಾಮ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಅಂಗೈಗಳನ್ನು ಭುಜದ ನೇರಕ್ಕಿಟ್ಟು ತೋಳಿನ ಬಲದಿಂದಲೇ ಏಳಬೇಕು. ಬೆನ್ನನ್ನೂ ಪೃಷ್ಠವನ್ನೂ ಬಿಗಿದರೆ ಸೊಂಟ ಜೋತುಬೀಳುವುದಿಲ್ಲ, ಬಾಗಬೇಕಾದಷ್ಟು ಬಾಗುವುದಿಲ್ಲ. ಇನ್ನೊಂದು, ಹತ್ತು ಸಲ ಮಾಡಿ ಎದ್ದು ನೇರ ತೋಟಕ್ಕೆ ಹೋಗಿ ಗಂಟೆಗಟ್ಟಲೆ ಬಗ್ಗಿ ಹೆಕ್ಕುವುದು. ರಾತ್ರಿ ಡಿಸ್ಕ್ ನೀರು ಹೀರಿ ಊದಿರುವುದರಿಂದ ಎದ್ದ ಮೊದಲ ಒಂದು ಗಂಟೆ ಬಗ್ಗುವುದು ಎಲ್ಲಕ್ಕಿಂತ ಕೆಟ್ಟದ್ದು. ಎರಡು ಮೂರು ಗಂಟೆಗೊಮ್ಮೆ ಹತ್ತು ಸಲ ಮಾಡಿ. ನಡುವೆ ಹೆಕ್ಕಲೇಬೇಕಾದರೆ ಮಂಡಿಯೂರಿ.

ತೋಟದ ಕಾರ್ಮಿಕರ ಲೈನ್‌ಮನೆಯ ಹಿರಿಯರಿಗೆ ಇದನ್ನೇ ಹೇಳಿಕೊಡಬೇಡಿ. ನಡೆದರೆ ಕಾಲು ಜೋಮು ಹಿಡಿದು, ಮುಂದಕ್ಕೆ ಬಾಗಿದರೆ ಹಾಯೆನಿಸುವವರಿಗೆ ನರದ ದಾರಿಯೇ ಕಿರಿದಾಗಿರಬಹುದು. ಹಿಂದಕ್ಕೆ ಬಾಗಿದಷ್ಟೂ ಅವರ ನೋವು ಹೆಚ್ಚುತ್ತದೆ.

ಮೂತ್ರ ಕಟ್ಟಿದರೆ, ತಿಳಿಯದೆ ಹೋದರೆ, ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಸೋತು ಎಳೆದರೆ ಅದೇ ದಿನ ಮಡಿಕೇರಿಗೋ ಮೈಸೂರಿಗೋ ದೊಡ್ಡ ಆಸ್ಪತ್ರೆಗೆ ಹೊರಡಿ. ಇದಾವುದೂ ಇಲ್ಲದೆ ಎರಡು ವಾರದಲ್ಲಿ ಕಾಲುನೋವು ಇನ್ನಷ್ಟು ಹಿಂದೆ ಸರಿಯದಿದ್ದರೆ, ಮತ್ತೆ ಮೊದಲಿನಿಂದ ಪರೀಕ್ಷಿಸಿ ಎಂದು ನಿಮ್ಮ ಥೆರಪಿಸ್ಟರನ್ನೇ ಕೇಳಿ.