‘ನಾಕ್ ದಿನ ತಡೀರಿ’ ಅಂದರೆ ತಡೆಯಬೇಡಿ

ಹಾನಗಲ್ ತಾಲ್ಲೂಕಿನ ರೈತರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಓಣಿಯ ಒಂಬತ್ತನೇ ತರಗತಿ ಹುಡುಗಿ ಶಾಲೆಗೆಂದು ಬಸ್ ಹತ್ತಿದವಳು ವಾಪಸ್ ಬಂದಿಲ್ಲ. ಎರಡು ತಿಂಗಳಾಯಿತು. “ಸ್ಟೇಷನ್ನಿಗೆ ಹೋದ್ರ, ಯಾರ ಜೋಡಿ ಓಡಿ ಹೋಗ್ಯಾಳೋ ನೋಡ್ರಿ, ನಾಕ್ ದಿನ ತಡೀರಿ ಅಂತಂದು ಒಂದು ಹಾಳ್ಯಾಗ ಬರಕೊಂಡು ಕಳಿಸಿದ್ರು” ಎನ್ನುತ್ತಾರೆ. ನೈಜೀರಿಯಾದಲ್ಲಿ ಶಾಲೆಗೇ ನುಗ್ಗಿ ಹುಡುಗಿಯರನ್ನು ಹೊತ್ತೊಯ್ದದ್ದನ್ನು ಓದಿದಾಗಿನಿಂದ ಅವರಿಗೆ ನಿದ್ದೆ ಇಲ್ಲ. ಇನ್ನು ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದೇ ಬೇಡ ಎಂದು ಊರ ಹಿರಿಯರು ಮಾತಾಡಿಕೊಂಡಿದ್ದಾರಂತೆ. ಅವರ ಮಗಳೂ ಒಂಬತ್ತನೇ ತರಗತಿ. ಸರ್ಕಾರ ಏನು ಮಾಡ್ತಾ ಇದೆ, ಮಗಳನ್ನು ಶಾಲೆ ಬಿಡಿಸಲೋ ಬೇಡವೋ ಎಂದು ಕೇಳಿದ್ದಾರೆ.

ಯಜಮಾನರೇ, ಮೊದಲು ಆ ಕಾಣೆಯಾದ ಹುಡುಗಿಯ ಮಾತು. ಹಾಳೆಯಲ್ಲಿ ಬರೆದುಕೊಂಡದ್ದು ಎಫ್‌ಐಆರ್ ಆಗುವುದಿಲ್ಲ. ಮಗು ಕಾಣೆಯಾದ ದೂರು ಬಂದರೆ ಅದು ಅಪಹರಣ ಇಲ್ಲವೇ ಮಾನವ ಸಾಗಾಣಿಕೆ, ಅಂದರೆ ಮನುಷ್ಯರನ್ನು ಮಾರಲು, ದುಡಿಸಲು ಸಾಗಿಸುವುದು, ಇರಬಹುದು ಎಂದೇ ಹಿಡಿದು ಎಫ್‌ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದೇ ಆದೇಶ ಕೊಟ್ಟಿದೆ. ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಹೋಗಬೇಕು. ‘ಓಡಿ ಹೋಗ್ಯಾಳ’ ಎಂಬುದು ದೂರು ಬರೆದುಕೊಳ್ಳದಿರಲು ಕಾರಣವೇ ಅಲ್ಲ. ಹದಿನೆಂಟು ತುಂಬದ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಪುಸಲಾಯಿಸಿ ಕರೆದೊಯ್ದರೆ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಲ್ಲಿ ಅದು ಅಪಹರಣ, ಹುಡುಗಿ ನಗುನಗುತ್ತಲೇ ಹೋಗಿದ್ದರೂ.

ಆ ತಂದೆ-ತಾಯಿ ಮತ್ತೆ ಸ್ಟೇಷನ್ನಿಗೆ ಹೋಗಲಿ, ನೀವೂ ಜೊತೆಗಿರಿ. ನಮ್ಮ ಹದ್ದಿಗೆ ಬರುವುದಿಲ್ಲ ಎಂದು ಯಾವ ಠಾಣೆಯವರೂ ಹೇಳುವಂತಿಲ್ಲ, ಎಲ್ಲಿ ಬೇಕಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಬರೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸಾಗಾಣಿಕೆಯ ದೂರು ದಾಖಲಿಸದ ಅಧಿಕಾರಿಗೆ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸಜೆ ಎಂದು ಅದೇ ಸಂಹಿತೆಯ 199ನೇ ಕಲಂ ಹೇಳುತ್ತದೆ. ಜಗಳಕ್ಕೆ ನಿಲ್ಲದೆ ಇದನ್ನು ಮೆಲ್ಲಗೆ ಒಮ್ಮೆ ನೆನಪಿಸಿದರೆ ಸಾಕು. 1098 ಮಕ್ಕಳ ಸಹಾಯವಾಣಿಗೂ ಇವತ್ತೇ ಫೋನ್ ಮಾಡಿ.

ಇನ್ನು ನೈಜೀರಿಯಾ. 2014ರ ಏಪ್ರಿಲ್ 14ರ ರಾತ್ರಿ ಚಿಬೋಕ್ ಎಂಬ ಊರಿನ ಸರ್ಕಾರಿ ಬಾಲಕಿಯರ ಶಾಲೆಯಿಂದ ಬೊಕೊ ಹರಾಮ್ ಎಂಬ ಉಗ್ರ ಸಂಘಟನೆಯ ಬಂದೂಕುಧಾರಿಗಳು 276 ಹುಡುಗಿಯರನ್ನು ಹೊತ್ತೊಯ್ದರು. ಪರೀಕ್ಷೆ ಬರೆಯಲೆಂದು ಬಂದಿದ್ದ ಮಕ್ಕಳು. 57 ಹುಡುಗಿಯರು ಲಾರಿಯಿಂದ ಜಿಗಿದೋ ದಾರಿಯಲ್ಲಿ ಕಣ್ತಪ್ಪಿಸಿಯೋ ಪಾರಾದರು. ಆದರೆ ಆಮೇಲಿನ ದಿನಗಳನ್ನು ನೋಡಿ. ಬಹುತೇಕ ಎಲ್ಲರನ್ನೂ ಬಿಡಿಸಿದ್ದೇವೆ ಎಂದು ಸೈನ್ಯ ಹೇಳಿಕೆ ಕೊಟ್ಟಿತು, ಮರುದಿನವೇ ಅದನ್ನು ವಾಪಸ್ ತೆಗೆದುಕೊಂಡಿತು. ಅಪ್ಪಂದಿರು ತಾವೇ ಬೈಕ್ ಹತ್ತಿ ಸಂಬೀಸಾ ಕಾಡಿನ ಕಡೆ ಹೊರಟರು. ಸರ್ಕಾರ ಮಾತುಕತೆ ನಡೆಸಿ 2016ರ ಅಕ್ಟೋಬರ್‌ನಲ್ಲಿ 21, 2017ರ ಮೇನಲ್ಲಿ 82 ಹುಡುಗಿಯರನ್ನು ಬಿಡಿಸಿಕೊಂಡಿತು. ಹಲವರು ಇಂದಿಗೂ ಮನೆಗೆ ಬಂದಿಲ್ಲ. ಸಾಗಾಣಿಕೆ ತಡೆಗೆಂದೇ ಕಾಯ್ದೆ, ಅದಕ್ಕೊಂದು ಸಂಸ್ಥೆ ಆ ದೇಶದಲ್ಲಿ 2003ರಿಂದಲೇ ಇವೆ. ಕಾಯ್ದೆ ಇತ್ತು, ಮೊದಲ ವಾರ ಕೈತಪ್ಪಿತು.

ನಮ್ಮ ಕಡೆ ಬಂದೂಕು ಹಿಡಿದು ಯಾರೂ ಬರುವುದಿಲ್ಲ. ಬರುವವರು ಪರಿಚಯದವರು. ಗೋವಾದಲ್ಲಿ ಮನೆಕೆಲಸ, ಊಟ-ವಸತಿ ಅವರದೇ ಎನ್ನುವ ದೂರದ ಸಂಬಂಧಿ. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ ಎನ್ನುವ ದಲ್ಲಾಳಿ. ಮೊಬೈಲಿನಲ್ಲಿ ಮೂರು ತಿಂಗಳು ಮಾತಾಡಿ ಹುಬ್ಬಳ್ಳಿ ಸ್ಟೇಷನ್ನಿಗೆ ಬಾ ಎನ್ನುವ ಹುಡುಗ. ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು ಹೆಮ್ಮೆಪಡುತ್ತೇವೆ. ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿಕೊಂಡ ಹದಿನಾಲ್ಕರ ಹುಡುಗಿ ಅದರ ಯಾವ ತುದಿಯಲ್ಲಿ ನಿಂತರೂ ಯಾರಿಗೆ ಕಾಣಬೇಕು? ರೈಲ್ವೆ ಪೊಲೀಸರು ಇಂಥ ಮಕ್ಕಳನ್ನು ಗುರುತಿಸಿ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುತ್ತಾರೆ, ನಿಜ. ಅವರಿಗೆ ಕಾಣೆಯಾದ ಮಗುವಿನ ಫೋಟೊ ಮುಟ್ಟುವುದು ಮಾತ್ರ ಠಾಣೆಯವರು ಆ ರಾತ್ರಿಯೇ ಕಳಿಸಿದರೆ.

ಸರ್ಕಾರ ಏನು ಮಾಡುತ್ತಿದೆ ಎಂದಿರಿ. ಕಾಯ್ದೆಗೆ ಬರವಿಲ್ಲ. ಮನುಷ್ಯರ ಮಾರಾಟವನ್ನು ಸಂವಿಧಾನದ 23ನೇ ವಿಧಿಯೇ ನಿಷೇಧಿಸಿದೆ. ದೇವದಾಸಿ ಬಿಡುವುದನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರದು. ಮಗುವನ್ನು ಸಾಗಿಸಿದವನಿಗೆ ಕನಿಷ್ಠ 10 ವರ್ಷದಿಂದ ಜೀವಾವಧಿ ಸಜೆ, ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷ. ಗಲ್ಲಿಗೆ ಹಾಕಬೇಕು ಎಂದೂ ಬರೆದಿದ್ದೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ ಸಜೆ ಎಷ್ಟು ದೊಡ್ಡದಾದರೂ ಎಫ್‌ಐಆರ್ ಇಲ್ಲದೆ ಅದು ಯಾರ ಕೊರಳಿಗೂ ಬೀಳುವುದಿಲ್ಲ. ಮಂತ್ರಿಗಳ ಭಾಷಣಕ್ಕಿಂತ ರಾತ್ರಿ ಪಾಳಿಯ ಪೇದೆಯ ಪೆನ್ನೇ ಇಲ್ಲಿ ಸರ್ಕಾರ. ಇನ್ನೊಂದು ಸರ್ಕಾರ ನಿಮ್ಮ ಪಂಚಾಯಿತಿಯಲ್ಲೇ ಇರಬೇಕು: ಮಹಿಳೆಯರ ಮತ್ತು ಮಕ್ಕಳ ಸಾಗಾಣಿಕೆ ತಡೆಯುವ ಸಮಿತಿ. ಕಳೆದ ಸಭೆ ಯಾವಾಗ ನಡೆಯಿತು, ಠರಾವು ಪುಸ್ತಕ ತೋರಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ಪುಸ್ತಕ ಹುಡುಕಲು ಶುರು ಮಾಡಿದರೆ ಉತ್ತರ ಸಿಕ್ಕಂತೆ.

ಮಕ್ಕಳ ಕಳ್ಳರದು ಎಂದು ಪತ್ರದ ಜೊತೆ ಕಳಿಸಿದ ಬಿಳಿ ವ್ಯಾನಿನ ವಾಟ್ಸ್ಆ್ಯಪ್ ವಿಡಿಯೊವನ್ನು ದಯವಿಟ್ಟು ಮುಂದೆ ಕಳಿಸಬೇಡಿ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆಗೆ ಬಂದ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಒಬ್ಬರ ಜೀವ ಹೋಯಿತು. ಎರಡಕ್ಕೂ ಮೂಲ ಇಂಥದೇ ಪುಕಾರು.

ಮಗಳನ್ನು ಬಿಡಿಸಬೇಡಿ. ಹಿರಿಯರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಅವರ ತೀರ್ಮಾನದಿಂದ ಅನುಕೂಲ ದಲ್ಲಾಳಿಗೇ. ಶಾಲೆಗೆ ಹೋಗುವ ಹುಡುಗಿ ಒಂದು ದಿನ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗೊತ್ತಾಗುತ್ತದೆ, ಮಾಸ್ತರರು ಕೇಳುತ್ತಾರೆ, ಗೆಳತಿಯರು ಕೇಳುತ್ತಾರೆ. ಮನೆಯಲ್ಲೇ ಕೂತವಳು ಗುಳೆ ಹೋದಳೋ, ಮದುವೆಯಾಯಿತೋ, ಮಾರಿದರೋ ಎಂದು ಯಾರು ಕೇಳಬೇಕು? ಶಿಕ್ಷಣ ಹಕ್ಕು ಕಾಯ್ದೆ ಕಾಯುವುದು 6ರಿಂದ 14 ವರ್ಷದವರೆಗೆ ಮಾತ್ರ, ಅಂದರೆ ಎಂಟನೇ ತರಗತಿಯ ತನಕ. ಒಂಬತ್ತಕ್ಕೆ ಬಿಟ್ಟವಳನ್ನು ಹುಡುಕಿಕೊಂಡು ಬರುವ ಕಟ್ಟಳೆ ಆ ಕಾಯ್ದೆಯಲ್ಲಿಲ್ಲ. ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದ ಯೋಜನೆಯೂ ಕೊರೊನಾ ಕಾಲದಲ್ಲಿ ನಿಂತುಹೋಯಿತು. ಅದನ್ನು ಮತ್ತೆ ಶುರು ಮಾಡುವುದೂ ಸಾಗಾಣಿಕೆ ತಡೆಯುವ ಕೆಲಸವೇ ಎಂದು ಯಾವ ಶಾಸಕರಿಗೂ ಹೊಳೆದಂತಿಲ್ಲ.

ಸಂಜೆಯ ಬಸ್ಸು ನಿಮ್ಮ ಕ್ರಾಸಿನಲ್ಲಿ ನಿಲ್ಲಿಸದೇ ಹೋಗುತ್ತದೆ, ಮಕ್ಕಳು ಕತ್ತಲಾದ ಮೇಲೆ ಸಿಕ್ಕ ಟಂಟಂ ಹತ್ತಿ ಬರುತ್ತಾರೆ ಎಂದು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯವಾಗಿ ಕಂಡಿತು. ನವೆಂಬರ್ ಹೊತ್ತಿಗೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಿಮ್ಮ ಮಗಳು, ಅವಳ ಗೆಳತಿಯರು ಆ ಬಸ್ಸಿನ ವಿಷಯವನ್ನು ಅಲ್ಲಿ ಎತ್ತಲಿ, ಠರಾವಾಗಲಿ. ಠರಾವಿನ ಒಂದು ಪ್ರತಿಯನ್ನು ಡಿಪೊ ಮ್ಯಾನೇಜರರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ.