ಮ್ಯಾನ್ಮಾರ್‌ನಿಂದ ಭಾರತಕ್ಕೆ ಬರುವ ತೇಗ 2014ರ ನಂತರ ನಿಜಕ್ಕೂ ಕಡಿಮೆಯಾಯಿತೇ?

ದಿಮ್ಮಿ ಬರುವುದು ಕುಸಿದದ್ದು ನಿಜ. ಆದರೆ ಇಲ್ಲಿ ಬೇಡಿಕೆ ಬಿದ್ದದ್ದಕ್ಕಲ್ಲ. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ಸರ್ಕಾರ ದಿಮ್ಮಿ ರಫ್ತನ್ನೇ ನಿಷೇಧಿಸಿತು. ಕೊಯ್ದ ಹಲಗೆಗೆ ಆ ನಿಷೇಧ ಇರಲಿಲ್ಲ. ಹಾಗಾಗಿ ಕಸ್ಟಮ್ಸ್ ಅಂಕಿಗಳಲ್ಲಿ 4403 ಅನ್ನುವ ಸರಕಿನ ಸಂಕೇತ (ದಿಮ್ಮಿ) ಮಾತ್ರ ನೋಡಿದರೆ ವ್ಯಾಪಾರವೇ ಮುಗಿಯಿತು ಅನಿಸುತ್ತದೆ. 4407 (ಕೊಯ್ದ ಮರ) ಕೂಡ ಸೇರಿಸಬೇಕು. ಸುಮ್ನೆ ಕೂಡಿಸಬೇಡಿ, ಹಲಗೆಯನ್ನು ಮೊದಲು ದಿಮ್ಮಿಯ ಲೆಕ್ಕಕ್ಕೆ ತನ್ನಿ: ಒಂದು ಘನ ಮೀಟರ್ ಹಲಗೆಗೆ ಹೆಚ್ಚುಕಡಿಮೆ ಎರಡು ಘನ ಮೀಟರ್ ದಿಮ್ಮಿ ಬೇಕು.

ನಿಜವಾದ ತಲೆನೋವು ಅಳತೆಯದ್ದು. ಬರ್ಮಾ ತೇಗದ ಲೆಕ್ಕ ಬಹಳ ಕಾಲದಿಂದ ಹಾಪಸ್ ಟನ್‌ನಲ್ಲಿ ನಡೆದಿದೆ. ಇದು ತೂಕ ಅಲ್ಲ, ಗಾತ್ರ: ಒಂದು ಹಾಪಸ್ ಟನ್ ಅಂದರೆ ಸುಮಾರು 1.8 ಘನ ಮೀಟರ್. ಅದನ್ನು ಬದಲಾಯಿಸದೆ ಘನ ಮೀಟರ್ ಅಂಕಿಯ ಪಕ್ಕ ಇಟ್ಟರೆ ಹಳೇ ವರ್ಷಗಳ ವ್ಯಾಪಾರ ಅರ್ಧದಷ್ಟೇ ಅಂತ ಕಾಣುತ್ತದೆ. ಎಷ್ಟೋ ಗ್ರಾಫ್‌ಗಳು ದಾರಿ ತಪ್ಪುವುದು ಇಲ್ಲೇ ಇರಬೇಕು.

ಇನ್ನು, ರಫ್ತಿನ ಅಂಕಿಗಿಂತ ಆಮದಿನ ಅಂಕಿಯನ್ನೇ ನಾನು ಜಾಸ್ತಿ ನಂಬುತ್ತೇನೆ. ಕದ್ದು ಕಡಿದ ಮರ ಹೊರಡುವ ಕಡೆ ದಾಖಲಾಗುವುದಿಲ್ಲ, ಅಲ್ವಾ? ಭಾರತದ ಒಟ್ಟು ತೇಗದ ಆಮದು ನೋಡುವುದಾದರೆ ಈಕ್ವೆಡಾರ್, ಘಾನಾ, ಕೋಸ್ಟಾರಿಕಾದ ತೋಟದ ತೇಗವನ್ನೂ ಸೇರಿಸಿ.