ಓದುಗರ ಪ್ರಶ್ನೆ: ತೆರೆಖೋಲ ನದಿಯೂ ಗೋವೆಯ ಗಡಿಯೂ

ಪ್ರಶ್ನೆ: ಗೋವಾ ಮತ್ತು ಮಹಾರಾಷ್ಟ್ರಗಳ ನಡುವಿನ ಗಡಿ ತೆರೆಖೋಲ ನದಿ ಎಂದು ಓದಿದ್ದೇನೆ. ಹಾಗಿದ್ದರೆ ಉತ್ತರ ದಂಡೆಯ ತೆರೆಖೋಲ ಕೋಟೆ ಗೋವೆಗೆ ಸೇರಿರುವುದು ಹೇಗೆ? ನದಿ ಇಷ್ಟು ಚಿಕ್ಕದಾಗಿರುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡನೆಯ ಪ್ರಶ್ನೆಗೆ ನಿಮ್ಮ ಊರೇ ಅರ್ಧ ಉತ್ತರ ಹೇಳುತ್ತದೆ. ಧಾರವಾಡದ ಶಾಲ್ಮಲೆ ಬೇಡ್ತಿಯನ್ನು ಕೂಡಿ ಅರಬ್ಬಿ ಸಮುದ್ರ ಸೇರಿದರೆ, ಅದೇ ಜಿಲ್ಲೆಯ ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ತೆರೆಖೋಲದ ಕಡೆ ಹೀಗೆ ನೀರು ಪೂರ್ವಕ್ಕೂ ಪಶ್ಚಿಮಕ್ಕೂ ಬೇರೆಯಾಗುವುದು ಸಹ್ಯಾದ್ರಿಯ ನೆತ್ತಿಯಲ್ಲಿ; ಆ ನೆತ್ತಿ ಪಶ್ಚಿಮ ಕರಾವಳಿಗೆ ತೀರ ಹತ್ತಿರವಿರುವುದರಿಂದ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಘಟ್ಟದಲ್ಲಿ ಹುಟ್ಟಿ ಬಾಂದಾ ಊರನ್ನು ಹಾದು ಬರುವ ತೆರೆಖೋಲಕ್ಕೆ ಹರಿಯಲು ಇರುವ ನೆಲವೇ ಕಡಿಮೆ. ಅದರ ಕೆಳಭಾಗವಂತೂ ನದಿಗಿಂತ ಅಳಿವೆಯೆನ್ನುವುದೇ ಸರಿ. ಉಬ್ಬರದ ಉಪ್ಪುನೀರು ಒಳನಾಡಿನ ಕಡೆಗೆ ಏರಿ, ಇಳಿತದಲ್ಲಿ ಹಿಂದಿರುಗುತ್ತದೆ. ಗಡಿಯಾಗಿರುವುದೂ ಇಡೀ ನದಿಯಲ್ಲ, ಈ ಕೆಳಭಾಗ ಮಾತ್ರ.

ಕೋಟೆಯ ವಿಷಯದಲ್ಲಿ ಭೂಗೋಲಕ್ಕಿಂತ ಇತಿಹಾಸದ ಮಾತು ನಡೆದಿದೆ. ಸಾವಂತವಾಡಿಯ ಅರಸರು ಕಟ್ಟಿಸಿದ ಈ ಕೋಟೆಯನ್ನು ಪೋರ್ಚುಗೀಸರು 1746ರಲ್ಲಿ ವಶಪಡಿಸಿಕೊಂಡರು. ಅಳಿವೆಯ ಬಾಯಿಯನ್ನು ಕಾಯುವ ಎತ್ತರದ ಜಾಗವನ್ನು ಅವರು ಬಿಟ್ಟುಕೊಡುವುದಾದರೂ ಏಕೆ? 1954ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಇಲ್ಲಿಗೆ ನುಗ್ಗಿದ್ದೂ ಇದು ಪೋರ್ಚುಗೀಸರ ನೆಲವಾಗಿದ್ದುದರಿಂದಲೇ. 1961ರಲ್ಲಿ ಗೋವಾ ವಿಮೋಚನೆಯಾದಾಗ ಹಳೆಯ ಗಡಿಯೇ ಉಳಿಯಿತು. ಹೀಗಾಗಿ ಉತ್ತರ ದಂಡೆಯ ಆ ಸಣ್ಣ ತುಣುಕು ಇಂದಿಗೂ ಗೋವೆಯ ಪೆಡ್ನೆ ತಾಲ್ಲೂಕಿನಲ್ಲಿದೆ.